ಕೆಂಪಿರುವೆಯ ಮೆತ್ತನೆ ಮಣ್ಣು

ನಾನು ಚಿಕ್ಕವಳಿದ್ದಾಗ, ಅಕ್ಕಲಕೋಟದಲ್ಲಿ ರಾಜರ ಆಳ್ವಿಕೆ ಮುಗಿದು ಕೆಲವೇ ವರ್ಷಗಳಾಗಿದ್ದವು. ಊರಾಚೆಯ ಜೋಳ ಕೊಯ್ದ ಹೊಲಗಳಲ್ಲಿ ಅಪ್ಪ ಕುರಿ ಮೇಯಿಸುತ್ತಿದ್ದ. ಎಳೆಯ ಮರಿಗಳನ್ನು ಹಟ್ಟಿಯಲ್ಲೇ ದೊಡ್ಡ ಬುಟ್ಟಿ ಮುಚ್ಚಿ ಬಿಟ್ಟು ಹೋಗುತ್ತಿದ್ದ. ಅವನ್ನು ಕಾಯುವುದು ನನ್ನ ಕೆಲಸ.

ಆಗ ನಮ್ಮ ಕಡೆ ಸಣ್ಣ ಕೆಂಪಿರುವೆಗಳು ಹೆಚ್ಚಾಗಿದ್ದವು. ಬಿತ್ತಿದ ಜೋಳವನ್ನು ಮೊಳಕೆ ಬರುವ ಮೊದಲೇ ಹೊತ್ತೊಯ್ಯುತ್ತಿದ್ದವು. ಅವು ಬಂದ ಕಡೆ ಹಳೆಯ ಕಪ್ಪಿರುವೆ ಉಳಿಯುತ್ತಿರಲಿಲ್ಲ. ಸದ್ದಿಲ್ಲದೆ ಕಾಲು ಹತ್ತಿ ಎಲ್ಲ ಒಟ್ಟಿಗೆ ಕುಟುಕುತ್ತಿದ್ದವು. ಬೆಂಕಿ ತಾಗಿದಂತೆ ಉರಿ. ಸಮುದ್ರದಾಚೆಯಿಂದ ಸರಕಿನ ಜೊತೆ ಹಡಗಿನಲ್ಲಿ ಬಂದ ಜಾತಿ ಅದು ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ.

ಒಂದು ದಿನ, ಬೆಳಗ್ಗೆಯಷ್ಟೇ ಹುಟ್ಟಿದ ಮರಿಯನ್ನು ಅಪ್ಪ ನನ್ನ ಕೈಗೆ ಕೊಟ್ಟು ಹೋದ. ಅದರ ಹೊಕ್ಕುಳು ಇನ್ನೂ ಒಣಗಿರಲಿಲ್ಲ. ಕರಿಮಣ್ಣಿನ ಹೆಂಟೆ ಚುಚ್ಚೀತೆಂದು, ಜಾಲಿ ಗಿಡದ ಕೆಳಗೆ ರವೆಯಂತೆ ಉದುರಾಗಿದ್ದ ಮಣ್ಣು ಹುಡುಕಿ ಅಲ್ಲಿ ಮಲಗಿಸಿ ಬುಟ್ಟಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಮರಿ ಅರಚಿತು. ಬುಟ್ಟಿ ಎತ್ತಿದರೆ ಹೊಕ್ಕುಳು, ಬಾಯಿ, ಕಣ್ಣಿನ ಸುತ್ತ ಕೆಂಪಿರುವೆ. ಅದು ಅವುಗಳ ಗೂಡಿನ ಮಣ್ಣು. ಅಕ್ಕ ಬಟ್ಟೆ ಒಗೆಯುತ್ತಿದ್ದ ಬಕೆಟ್ಟಿನಲ್ಲಿ ಮರಿಯನ್ನು ಅದ್ದಿ, ಸಾಬೂನು ಹಚ್ಚಿ ತಿಕ್ಕಿ ತೊಳೆದೆ. ಇರುವೆಗಳು ಹೋದವು.

“ಚಲೋ ಗಾದಿ ಹಾಸೀದಿ ನೋಡವ್ವಾ ಮರಿಗಿ,” ಎಂದಳು ಅಕ್ಕ.

ಸಂಜೆ ತಾಯಿಕುರಿ ಬಂದು ಮರಿಯನ್ನು ಮೂಸಿತು. ತಲೆಯಿಂದ ದೂಡಿತು. ಮರಿ ಮತ್ತೆ ಹತ್ತಿರ ಹೋಯಿತು, ಅದು ಮತ್ತೆ ದೂಡಿತು.

“ಸಾಬಾಣ ಹಚ್ಚಿ ತೊಳದೀಯೇನ?” ಎಂದು ಅಪ್ಪ ಕೇಳಿದ. ಹೂಂ ಎಂದೆ.

“ಅದರ ವಾಸನಿ ಹೋಗ್ಯದ. ಇನ್ನ ತನ್ನ ಮರಿ ಅನ್ನಂಗಿಲ್ಲ ಅದು. ಹಾಲಿಲ್ದ ನಾಳಿತನ ಉಳಿಯೂದಿಲ್ಲ.”

ಅವನು ಬೈಯಲಿಲ್ಲ. ತಾಯಿಕುರಿಯ ಹಾಲು ಹಿಂಡಿ ಮರಿಯ ಮೈಗೆಲ್ಲ, ಬಾಲದ ಬುಡಕ್ಕೂ ಸವರಿ, ಮೇಲೆ ಉಪ್ಪು ಉದುರಿಸಿದ. ಉಪ್ಪಿನ ಆಸೆಗೆ ತಾಯಿ ನೆಕ್ಕತೊಡಗಿತು. ಉಪ್ಪು ಮುಗಿದ ಮೇಲೂ ಅದು ನೆಕ್ಕುತ್ತಲೇ ಇತ್ತು. ಮರಿ ಹೊಟ್ಟೆಯಡಿ ನುಗ್ಗಿತು. ಈ ಸಲ ದೂಡಲಿಲ್ಲ. ಮರಿ ಬದುಕಿತು. ಇರುವೆ ಕುಟುಕಿದ್ದ ಒಂದು ಕಣ್ಣು ಮಾತ್ರ ಬೆಳ್ಳಗಾಗಿಯೇ ಉಳಿಯಿತು.

ಮಕ್ಕಳೇ, ಸೊಲ್ಲಾಪುರದ ನಿಮ್ಮ ಮನೆಗೆ ಈಗಲೂ ಅವೇ ಇರುವೆಗಳು ಬರುತ್ತವೆ. ನೀವು ಅಡುಗೆ ಕಟ್ಟೆಗೆ ಔಷಧಿ ಹೊಡೆದು ಆಟಕ್ಕೆ ಹೋಗುತ್ತೀರಿ. ನಾನು ಅಂದಿನಿಂದ ಯಾವ ಮರಿಯನ್ನೇ ನೆಲಕ್ಕಿಳಿಸಲಿ, ಮೊದಲು ಅಲ್ಲಿ ನನ್ನ ಅಂಗೈ ಊರಿ ನೂರು ಎಣಿಸುತ್ತಿದ್ದೆ.