ತೆಕ್ಕಲಕೋಟೆ ದಾಟಿದ ಮೇಲೆ ಬಂದ ಮಾತು

"ಅಪ್ಪಾ, ಈ ಮದುವಿ ನನಗ ಬ್ಯಾಡ ಅನ್ಸಾಕತ್ತೈತಿ."

ನನ್ನ ಮಗಳು ನೇತ್ರಾ ಈ ಮಾತನ್ನು ಎಲ್ಲಿ ಹೇಳಿದಳು ಗೊತ್ತೇ? ತನ್ನದೇ ನಿಶ್ಚಯಕ್ಕೆ ಹೊರಟ ಕಾರಿನಲ್ಲಿ! ಬಳ್ಳಾರಿ ಬಿಟ್ಟು, ತೆಕ್ಕಲಕೋಟೆಯನ್ನೂ ದಾಟಿದ ಮೇಲೆ. ಸಿರುಗುಪ್ಪದ ಬೀಗರು "ಎಲ್ಲಿಗಿ ಬಂದ್ರಿ?" ಎಂದು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. (ಹುಡುಗನ ಅಜ್ಜಿಗೆ ಮಂಡಿನೋವು. ಅದಕ್ಕೇ ಶಾಸ್ತ್ರ ಅವರ ಮನೆಯಲ್ಲಿ.) ಹಿಂದಿನ ಸೀಟಿನಲ್ಲಿ ಬಳ್ಳಾರಿಯ ಬ್ರೂಸ್‌ಪೇಟೆ ಬಜಾರಿನಿಂದ ತಂದ ಹಣ್ಣು, ಸಿಹಿ, ಸೀರೆಯ ಬುಟ್ಟಿಗಳು. ಅವುಗಳ ನಡುವೆ ನನ್ನ ಹೆಂಡತಿ ಗಿರಿಜಾ.

ಭತ್ತದ ಗದ್ದೆಯ ಪಕ್ಕ ಕಾರು ನಿಲ್ಲಿಸಿದೆ.

"ಏನ್ ಕಂಡಿ ಅವನಾಗ? ಕುಡೀತಾನೇನು? ಯಾರರ ಏನರ ಹೇಳಿದ್ರೇನು?" ಗಿರಿಜಾ ಬುಟ್ಟಿಗಳ ನಡುವಿನಿಂದ ಮುಂದೆ ಬಾಗಿದಳು.

"ಇಲ್ಲಮ್ಮಾ. ಪ್ರಶಾಂತ್ ಭಾಳ ಚಲೋ ಮನಷ್ಯಾ. ಆದ್ರ ಅವರ ಜೊತಿ ಮಾತಾಡಿ ಫೋನ್ ಇಟ್ಟಾಗೆಲ್ಲಾ ಒಳಗಿಂದ ಬ್ಯಾಡ ಅನ್ನಸ್ತೈತಿ. ಇಷ್ಟು ದಿನ ನನಗ ನಾನ ಸಮಾಧಾನ ಹೇಳಿಕೊಂಡೆ. ಇನ್ನ ಆಗಂಗಿಲ್ಲ."

ಇದಕ್ಕೆ ಏನು ಹೇಳುತ್ತೀರಿ? ಕಾರಣ ಇದ್ದರೆ ವಾದ ಮಾಡಬಹುದು. ಅನ್ನಿಸಿದ್ದರ ಜೊತೆ ಹೇಗೆ ವಾದ ಮಾಡುವುದು?

"ಗಾಡಿ ತಿರುಗಸ್ಲೇನವಾ?" ಎಂದೆ.

"ಬ್ಯಾಡಪ್ಪಾ, ನಡಿ. ಫೋನ್‌ನಾಗ ಹೇಳೋ ಮಾತಲ್ಲ ಇದು. ನಾನ ಹೇಳ್ತೀನಿ."

ಗಾಡಿಯನ್ನು ಮತ್ತೆ ಸಿರುಗುಪ್ಪದ ಕಡೆಗೇ ಬಿಟ್ಟೆ.

ಆ ಮನೆಯ ಮುಂದೆ ಶಾಮಿಯಾನ, ಬಾಗಿಲಲ್ಲಿ ಆರತಿ ಹಿಡಿದ ಹೆಂಗಸರು. ನೇತ್ರಾ ಪ್ರಶಾಂತ್‌ನನ್ನೂ ಅವನ ತಾಯಿ, ಅಜ್ಜಿಯನ್ನೂ ಒಳಕೋಣೆಗೆ ಕರೆದಳು. ನಾವೂ ಹಿಂದೆ ಹೋದೆವು.

"ನಿಮ್ಮದೇನೂ ತಪ್ಪಿಲ್ರಿ. ನನ್ನ ಮನಸ್ಸು ಒಪ್ಪವಲ್ದು. ಹೇಳಾಕ ತಡ ಮಾಡಿದೆ, ಅದಕ್ಕ ಕೈ ಮುಗೀತೀನಿ."

ಪ್ರಶಾಂತ್‌ನ ತಾಯಿ ಕೋಣೆಯ ಬಾಗಿಲು ಮುಂದೆ ಮಾಡಿದರು. "ಹೊರಗ ಅಷ್ಟು ಮಂದಿ ಕುಂತಾರ. ಅವರಿಗೆ ಏನಂತ ಹೇಳೂಣು?"

"ನಾನ ಹೇಳ್ತೀನ್ರಿ" ಎಂದು ನೇತ್ರಾ ಹೊರಗೆ ನಡೆದೇಬಿಟ್ಟಳು.

ಹೇಳಿದಳು. ತುಂಬಿದ ಹಾಲ್‌ನಲ್ಲಿ, ತಲೆ ಎತ್ತಿ. ಗುಸುಗುಸು ಶುರುವಾಗುತ್ತಿದ್ದಂತೆ ಪ್ರಶಾಂತ್ ಬಂದು ಪಕ್ಕದಲ್ಲಿ ನಿಂತ. "ಯಾರೂ ಏನೂ ಅನಬ್ಯಾಡ್ರಿ. ಮದುವಿ ಆದಮ್ಯಾಲ ಹೇಳೋಕ್ಕಿಂತ ಇವತ್ತ ಹೇಳಿದ್ದು ಚಲೋ ಆತು." ಅವನ ಕಣ್ಣು ಕೆಂಪಾಗಿತ್ತು. (ಇಂಥ ಅಳಿಯ ತಪ್ಪಿಹೋದನಲ್ಲ ಎಂದು ನಾನು ಒಳಗೊಳಗೇ ಹಲುಬಿದ್ದು ಸುಳ್ಳಲ್ಲ.)

ಕೊನೆಗೆ ಅಜ್ಜಿಯೇ ಬಾಯಿ ತೆರೆದರು: "ಅಡಿಗಿ ಆಗೈತಿ. ಉಂಡು ಹೋಗ್ರಿ."

ಉಂಡೆವು. ನಾನೂ ಗಿರಿಜಾಳೂ ಎಲೆಯಲ್ಲಿ ಅನ್ನ ಕಲಸುತ್ತಲೇ ಕೂತೆವು. ಮಗಳು ಹೋಳಿಗೆಗೆ ಮತ್ತೊಮ್ಮೆ ತುಪ್ಪ ಹಾಕಿಸಿಕೊಂಡಳು!

ವಾಪಸ್ ಬರುವಾಗ ಸುತ್ತು ಬಳಸಿ ಕುರುಗೋಡಿನ ದಾರಿ ಹಿಡಿಸಿದಳು. ಗುಡ್ಡ ಹತ್ತಬೇಕಂತೆ. ರೇಷ್ಮೆ ಸೀರೆಯ ಅಮ್ಮನ ಕೈ ಹಿಡಿದು ಬಂಡೆಯಿಂದ ಬಂಡೆಗೆ ಹತ್ತಿಸಿದಳು. ಮೇಲೆ ಗಾಳಿ ಜೋರಾಗಿತ್ತು.

"ಬೈಲಾರದ ನನ್ನ ಜೊತಿ ಬಂದ್ರಲ್ಲಾ, ಥ್ಯಾಂಕ್ಸ್."

"ಬೈಯೂದು ಬಾಕಿ ಐತಿ, ಮನಿಗಿ ನಡಿ" ಎಂದಳು ಗಿರಿಜಾ. ಹಾಗೆಂದು ಮಗಳನ್ನು ತಬ್ಬಿಕೊಂಡು ಅತ್ತಳು.

ಇಲ್ಲಿಗೆ ಮುಗಿಯಿತೆಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ನೇತ್ರಾ ಫಿಸಿಯೋಥೆರಪಿಸ್ಟ್. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಒಳ್ಳೆಯ ಕೆಲಸ. ಕೆಲವು ತಿಂಗಳ ಹಿಂದೆ ಅದನ್ನು ಬಿಟ್ಟಳು. ಸ್ವಂತ ಕ್ಲಿನಿಕ್ ಅಂತೆ. ಎಲ್ಲಿ? ಸಿರುಗುಪ್ಪದಲ್ಲಿ!

"ಅದ ಊರಾಗ ಯಾಕ?" ಎಂದು ಚೀರಿದೆ.

"ರೈಸ್ ಮಿಲ್‌ನಾಗ ಚೀಲ ಹೊತ್ತು ಸೊಂಟ ಹಿಡಕೊಂಡೋರು, ನಾಟಿ ಹಚ್ಚಿ ಬೆನ್ನು ಬಾಗಿದೋರು ಬಳ್ಳಾರಿ ತನಕ ಬರ್ತಾರಪ್ಪಾ. ನಾನ ಹೋದ್ರ ಆತಲ್ಲ? ಅಲ್ಲೇ ನನ್ನ ಕೆಲಸ ಐತಿ ಅನ್ನಸ್ತೈತಿ."

ಮತ್ತೆ ಅನ್ನಿಸಿತು! ಈ ಸಲ ನಾನು ವಾದ ಮಾಡಲಿಲ್ಲ.

ಕಳೆದ ವಾರ ಕ್ಲಿನಿಕ್ ಶುರುವಾಯಿತು. ಮೊದಲು ಒಳಗೆ ಬಂದವರು ಯಾರೆಂದುಕೊಂಡಿರಿ? ಪ್ರಶಾಂತ್‌ನ ಕೈ ಹಿಡಿದುಕೊಂಡು, ಅದೇ ಅಜ್ಜಿ. "ಸೊಸಿಯಾಗಿ ಬರ್ಲಿಲ್ಲ, ಹೋಗ್ಲಿ. ಮಣಕಾಲರ ನೋಡು ಬಾರವಾ!" ಪ್ರಶಾಂತ್ ತನ್ನ ಮದುವೆಯ ಪತ್ರಿಕೆ ಕೊಟ್ಟು ನಕ್ಕ. ಅವನ ತಾಯಿ ಬರಲಿಲ್ಲ. ಸಿರುಗುಪ್ಪದ ಬಜಾರಿನಲ್ಲಿ ಎದುರಾದರೆ ಇಂದಿಗೂ ಮುಖ ತಿರುಗಿಸುತ್ತಾರೆ. ಅವರ ನೋವು ಅವರದು.

ನಾನು ಕ್ಲಿನಿಕ್‌ನ ಮೂಲೆಯಲ್ಲಿ ಕುಳಿತು, ಅಜ್ಜಿಯ ಕಾಲನ್ನು ಮೆಲ್ಲಗೆ ಮಡಚಿ ಬಿಚ್ಚುತ್ತಿದ್ದ ಮಗಳನ್ನು ನೋಡುತ್ತಿದ್ದೆ. ಎದೆ ಉಬ್ಬಿತ್ತು. ಮುಂದಿನದು ಏನೋ ಎಂತೋ, ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲದ ದಾರಿಯಲ್ಲಿ ಇಷ್ಟು ಖುಷಿಯಾಗಿ ನಡೆಯುವವಳು ನಮ್ಮ ಮನೆಯಲ್ಲಿ ಹುಟ್ಟಿದಳಲ್ಲ, ಯಾರಿಗೆ ಕೈ ಮುಗಿಯಲಿ?

ನೆಂಟರು ಮಾತ್ರ ಈಗಲೂ ಕೇಳುತ್ತಾರೆ, "ಖರೆ ಹೇಳ್ರಿ, ಕಾರಣ ಏನು?"

ಅವಳು ಹೂಂ ಅಂದ ದಿನ ಇವರಲ್ಲಿ ಒಬ್ಬರಾದರೂ ಕಾರಣ ಕೇಳಿದ್ದರೇ?