ಮೂಗಿಗೂ ಒಂದು ಪಾಲು

ಕಳೆದ ವಾರ ನಮ್ಮ ರಸ್ತೆಯ ತಿರುವಿನಲ್ಲಿ ತಳ್ಳುಗಾಡಿಯವನಿಂದ ಕೊಂಡ ನೇರಳೆ ಹಣ್ಣನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮರೆತುಬಿಟ್ಟಿದ್ದೆ. ನೆನಪಾಗಿ ಚೀಲದ ಬಾಯಿ ಬಿಚ್ಚಿದಾಗ ವಾಸನೆ ಬರಿಯ ಹಣ್ಣಿನದಾಗಿ ಉಳಿದಿರಲಿಲ್ಲ. ಸಿಹಿಯ ಹಿಂದೆ ಒಂದು ಹುಳಿ, ಹುಳಿಯ ಹಿಂದೆ ಮೂಗಿನ ತುದಿಯನ್ನು ಚುರುಗುಟ್ಟಿಸುವ ಸಣ್ಣ ಬಿಸುಪು... ಬೇರೆ ಯಾರಾದರೂ ಆಗಿದ್ದರೆ ಚೀಲವನ್ನು ನೇರವಾಗಿ ಕಸದ ಬುಟ್ಟಿಗೆ ಹಾಕುತ್ತಿದ್ದರು. ನಾನು ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದೆ. ಹಾಗೆ ಎರಡನೆಯ ಸಲ ಮೂಸಿ ನೋಡುವುದನ್ನು ನನಗೆ ಕಲಿಸಿದವರು ನಮ್ಮ ವೈನ್ ಮೇಷ್ಟ್ರು.

ಅವರ ತರಗತಿಗೆ ಸೇರಿದ್ದು ಯಾವಾಗ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಶಾಸನಗಳ ಕಾಲನಿರ್ಣಯದಲ್ಲೇ ವೃತ್ತಿಜೀವನವನ್ನು ಕಳೆದವಳಿಗೆ ಕಾಲ ತಿಳಿಯದ ಸಂಗತಿಯನ್ನು ಬರೆಯಲು ಕೈ ಹಿಂಜರಿಯುತ್ತದೆ. ನಾನು ನಿವೃತ್ತಳಾದ ವರ್ಷವೇ ಎಂದು ನೆನಪು ಹೇಳುತ್ತದೆ. ಆದರೆ ಮೊದಲ ದಿನ ನಾನು ಉಟ್ಟಿದ್ದುದು ಬೀಳ್ಕೊಡುಗೆಯಲ್ಲಿ ಸಹೋದ್ಯೋಗಿಗಳು ಕೊಟ್ಟ ಸೀರೆ. ಅದಕ್ಕೆ ಫಾಲ್ಸ್ ಹಾಕಿಸಿ ರವಿಕೆ ಹೊಲಿಸಿದ್ದು ಮರುವರ್ಷದ ಯುಗಾದಿಗೆ. ಆದ್ದರಿಂದ ನೆನಪಿಗಿಂತ ಸೀರೆಯ ಮಾತನ್ನೇ ನಂಬಬೇಕಾಗಿದೆ. ಊರಿಗೆ ಊರೇ ಮುಖ ಮುಚ್ಚಿಕೊಂಡು ಓಡಾಡಿದ ಆ ಕಾಯಿಲೆ ಬರಲು ಆಗಿನ್ನೂ ಸಮಯವಿತ್ತು.

ಮೇಷ್ಟ್ರು ದೊಡ್ಡಬಳ್ಳಾಪುರದ ಕಡೆಯ ವೈನ್ ತಯಾರಿಕಾ ಘಟಕವೊಂದರಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಬಸವೇಶ್ವರನಗರದಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಒಂದು ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದರು. ಶನಿವಾರ ಮಧ್ಯಾಹ್ನ ಅದರ ಹಜಾರವೇ ತರಗತಿ. ಹೋಟೆಲ್ ಕೆಲಸಕ್ಕೆ ಸೇರಬೇಕೆಂದಿದ್ದವರು, ಕೇಕ್ ಮಾಡಿ ಮಾರುವ ಒಬ್ಬ ಗೃಹಿಣಿ, ಲಗ್ಗೆರೆಯಿಂದ ಬೈಕಿನಲ್ಲಿ ಬರುತ್ತಿದ್ದ ಪೀಣ್ಯದ ಕಾರ್ಖಾನೆಯ ಸೂಪರ್‌ವೈಸರ್, ಮತ್ತು ನಾನು. ನಾನು ಹೋದದ್ದು ಶಾಸ್ತ್ರೀಯ ಕುತೂಹಲದಿಂದ ಎಂದು ಎಲ್ಲರಿಗೂ ಹೇಳಿಕೊಂಡಿದ್ದೆ. ಮದ್ಯದ ಸುಂಕದ ಬಗ್ಗೆ ಕಲ್ಲಿನ ಮೇಲೆ ಓದಿದವಳು ಅದರ ರುಚಿಯನ್ನೇ ಅರಿಯದಿರುವುದು ಅಧ್ಯಯನದ ಕೊರತೆಯಲ್ಲವೇ? ಮನೆಯ ಮಾಲೀಕರು ದಾವಣಗೆರೆ ಕಡೆಯ ಶಿವಭಕ್ತರು, ಮಹಡಿಯ ಮೇಲಿದ್ದರು. ಇಲ್ಲಿ ಯಾರೂ ಕುಡಿಯುವುದಿಲ್ಲ, ಬಾಯಲ್ಲಿಟ್ಟು ನೋಡಿ ಉಗುಳುತ್ತಾರೆ ಎಂದು ಮೇಷ್ಟ್ರು ವಿವರಿಸಿದಾಗ ಮಾಲೀಕರ ಹೆಂಡತಿ ಮೆಟ್ಟಿಲ ಮೇಲೆಯೇ ನಿಂತು ಕೇಳಿದ್ದರಂತೆ: “ಉಗುಳೋದು ಕಲಿಯಾಕ ಕ್ಲಾಸ್ ಯಾಕ್ರೀ ಬೇಕು?” ಮೇಷ್ಟ್ರು ಈ ಪ್ರಶ್ನೆಯನ್ನು ಪ್ರತಿ ಹೊಸ ತಂಡಕ್ಕೂ ತಪ್ಪದೆ ಹೇಳುತ್ತಿದ್ದರು.

ಮೊದಲ ದಿನವೇ ನಾನು ಎಡವಿದೆ. ನಮ್ಮ ಮನೆಯಲ್ಲಿ ಲೋಟವನ್ನು ತುಟಿಗೆ ತಾಗಿಸುವ ಪದ್ಧತಿಯೇ ಇರಲಿಲ್ಲ. ನೀರಾಗಲಿ ಕಾಫಿಯಾಗಲಿ ಎತ್ತಿ ಕುಡಿಯಬೇಕು, ತಾಗಿಸಿದರೆ ಎಂಜಲು. ವೈನಿನ ಗ್ಲಾಸು ಕೈಗೆ ಬಂದೊಡನೆ ಅಭ್ಯಾಸಬಲದಿಂದ ಮುಖ ಮೇಲೆತ್ತಿ ಸುರಿದುಕೊಂಡೆ. ಅಗಲ ಹೊಟ್ಟೆಯ ಆ ಗ್ಲಾಸು ನಮ್ಮ ಸ್ಟೀಲಿನ ಲೋಟದಂತೆ ಸಣ್ಣ ಧಾರೆ ಕೊಡುವಂಥದ್ದಲ್ಲ. ಅರ್ಧ ಬಾಯಿಗೆ, ಅರ್ಧ ಬೀಳ್ಕೊಡುಗೆಯ ಸೀರೆಗೆ. ಯಾರೂ ನಗಲಿಲ್ಲ, ಅದೇ ಹೆಚ್ಚು ಸಂಕೋಚವಾಯಿತು. ಮೇಷ್ಟ್ರು ಒಳಗಿನಿಂದ ಒದ್ದೆ ಬಟ್ಟೆ ತಂದುಕೊಟ್ಟು, “ಮೇಡಂ, ಇದು ತೀರ್ಥ ಅಲ್ಲ. ತುಟಿಗೆ ಇಟ್ಕೊಳ್ಳಿ. ಹಂಗೆ ಎತ್ತಿ ಸುರ್ಕೊಂಡ್ರೆ ಮೂಗಿಗೇನು ಸಿಗುತ್ತೆ? ಅದಕ್ಕೂ ಒಂದು ಪಾಲು ಕೊಡ್ಬೇಕಲ್ವಾ?” ಎಂದರು. ತುಟಿಗೆ ಇಟ್ಟುಕೊಳ್ಳಲು ನಾನು ಹಲವು ವಾರ ತೆಗೆದುಕೊಂಡೆ. ಅಲ್ಲಿಯವರೆಗೂ ಮೇಷ್ಟ್ರು ನನ್ನ ಗ್ಲಾಸನ್ನು ಬೇರೆಯೇ ತೊಳೆದು, ಕಿಟಕಿಯ ಬಳಿ ಬೇರೆಯೇ ಮಗುಚಿ ಇಡುತ್ತಿದ್ದರು. ನಾನು ಕೇಳಿಕೊಂಡಿರಲಿಲ್ಲ.

ಬಾಟಲಿಗಳ ಹಣೆಪಟ್ಟಿಯನ್ನು ಅವರು ಹಳೆಯ ಪತ್ರಿಕೆಯಿಂದ ಸುತ್ತಿ ಮರೆಮಾಡುತ್ತಿದ್ದರು. ದ್ರಾಕ್ಷಿ ಕೊಯ್ದ ವರ್ಷ ಅದರ ಮೇಲೆ ಮುದ್ರಿತವಾಗಿರುತ್ತದೆಂದು ತಿಳಿದ ದಿನದಿಂದ ನನಗೆ ಅದರ ಮೇಲೆಯೇ ಕಣ್ಣು. ವರ್ಷ ತಿಳಿಯದೆ ಯಾವ ಅಭಿಪ್ರಾಯವನ್ನೂ ಕೊಡಲಾರೆ ಎಂದು ನಾನು, ವರ್ಷ ತಿಳಿದ ಮೇಲೆ ಬರುವುದು ಅಭಿಪ್ರಾಯವೇ ಅಲ್ಲ ಎಂದು ಅವರು. ಈ ವಾದ ಕಡೆಯವರೆಗೂ ಮುಗಿಯಲಿಲ್ಲ. ಇನ್ನೊಂದು ನಿಯಮವೂ ಇತ್ತು. ನಾವು ಎಂದೂ ತಿನ್ನದ ಪರದೇಶದ ಹಣ್ಣುಗಳ ಹೆಸರನ್ನು ಪುಸ್ತಕದಿಂದ ಎತ್ತಿ ಹೇಳುವಂತಿಲ್ಲ. ನಮ್ಮ ನಮ್ಮ ಮನೆಯ ವಾಸನೆಗಳಲ್ಲೇ ಹೇಳಬೇಕು. ಹೀಗಾಗಿ ಆ ಹಜಾರದಲ್ಲಿ ನೇರಳೆ, ಹುಣಸೆತೊಕ್ಕು, ಲವಂಗ, ಮಳೆ ಬಿದ್ದ ಅಂಗಳ, ಶಾಲೆಯ ಹೊಸ ಪುಸ್ತಕ ಎಲ್ಲವೂ ಬಂದು ಹೋಗುತ್ತಿದ್ದವು. ಲಗ್ಗೆರೆಯವರು ಒಮ್ಮೆ ತುಂಬ ಹೊತ್ತು ಮೂಸಿ, “ಸಾರ್, ನಮ್ ಮಾವನ ಸ್ಕೂಟರ್ ಸೀಟ್ ಥರ ಇದೆ” ಎಂದಾಗ ಮೇಷ್ಟ್ರು ಗಂಭೀರವಾಗಿ ಸೀಟು ಬಿಸಿಲಲ್ಲಿತ್ತೋ ನೆರಳಲ್ಲಿತ್ತೋ ಎಂದು ವಿಚಾರಿಸಿದರು. ಅದು ಚರ್ಮದ ವಾಸನೆ, ಉತ್ತರ ಸರಿಯಾಗಿತ್ತು.

ಆಮೇಲೆ ಕಾಯಿಲೆಯ ಕಾಲ. ತರಗತಿ ನಿಂತಿತು. ಮೇಷ್ಟ್ರಿಗೂ ಜ್ವರ ಬಂದು ಹೋಯಿತೆಂದು ಕೇಳಿದ್ದೆ. ಮತ್ತೆ ಆರಂಭವಾದ ಕೆಲವೇ ವಾರಗಳಲ್ಲಿ ಒಂದು ಶನಿವಾರ ಅವರು ಸುರಿದುಕೊಟ್ಟ ವೈನು ಪೂರ್ತಿ ಕೆಟ್ಟುಹೋಗಿತ್ತು. ಅದನ್ನೇ ಮೂಗಿಗೆ ಹಿಡಿದು ಅವರು ಹೂವಿನ ಪರಿಮಳವನ್ನು ವರ್ಣಿಸುತ್ತಿದ್ದರು. ಲಗ್ಗೆರೆಯವರು ಇದು ವಿನೆಗರ್ ಆಗಿದೆಯೆಂದು ಮೆಲ್ಲಗೆ ಹೇಳಿದಾಗ ಮೇಷ್ಟ್ರು ಅರೆಕ್ಷಣ ತಡೆದು, ನೀವು ಕಂಡುಹಿಡಿಯುತ್ತೀರೋ ಇಲ್ಲವೋ ಎಂದು ಪರೀಕ್ಷಿಸಿದೆ ಎಂದು ನಕ್ಕರು. ಎಲ್ಲರೂ ನಂಬಿದರು. ಎಲ್ಲರೂ ಹೋದ ಮೇಲೆ ನಾನು ಗ್ಲಾಸು ಜೋಡಿಸುತ್ತ ಉಳಿದೆ. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ, ತಳ ಹಿಡಿದು, ಸೀದ ಹೊಗೆ ಹಜಾರದವರೆಗೂ ಬಂದಿತು. ಅಡುಗೆಮನೆಗೆ ಬೆನ್ನು ಮಾಡಿ ನಿಂತಿದ್ದ ಅವರು ಯಾವುದೋ ದ್ರಾಕ್ಷಿಯ ವಿಷಯ ಹೇಳುತ್ತಲೇ ಇದ್ದರು. ನಾನು ಓಡಿಹೋಗಿ ಒಲೆ ಆರಿಸಿ ಬಂದೆ. ಅವರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು.

“ಗೊತ್ತಾಯ್ತಲ್ಲ ಮೇಡಂ. ಯಾರ್ಗೂ ಹೇಳ್ಬೇಡಿ. ಮೂಗಿಲ್ಲದ ಮೇಷ್ಟ್ರ ಹತ್ರ ಯಾರು ಬರ್ತಾರೆ?”

ನಾನು ಹೇಳಲಿಲ್ಲ. ಅಂದಿನಿಂದ ಎಲ್ಲರಿಗಿಂತ ಮುಂಚೆ ಹೋಗತೊಡಗಿದೆ. ಬಾಟಲಿ ತೆರೆದು ನಾನು ಮೂಸುವುದು, ಅನಿಸಿದ್ದನ್ನು ಹೇಳುವುದು, ಅವರು ಮುಂದಿನ ಪ್ರಶ್ನೆ ಕೇಳುವುದು... ಉಳಿದವರು ಬರುವ ಹೊತ್ತಿಗೆ ಅವರ ಪಾಠ ಸಿದ್ಧವಾಗಿರುತ್ತಿತ್ತು. ವೈದ್ಯರು ಹೇಳಿದಂತೆ ದಿನವೂ ಲವಂಗ, ನಿಂಬೆ, ಕಾಫಿಪುಡಿ ಮೂಸುತ್ತಿದ್ದರು; ಏನಾದರೂ ಬಂತೇ ಎಂದು ನಾನು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಿದ್ದರು. ವಾರದ ಉಳಿದ ದಿನಗಳು ಶನಿವಾರಕ್ಕಾಗಿ ಕಾಯುವ ದಿನಗಳಾದವು ಎಂದು ಈಗ ಬರೆಯಬಲ್ಲೆ. ಆಗ ಅದಕ್ಕೆ ಅಧ್ಯಯನವೆಂದೇ ಹೆಸರಿಟ್ಟಿದ್ದೆ.

ಅವರ ಬೀರುವಿನಲ್ಲಿ ಒಂದೇ ಒಂದು ಬಾಟಲಿ ಬೇರೆಯಾಗಿತ್ತು. ಅವರು ಘಟಕದಲ್ಲಿ ತಮ್ಮ ಕೈಯಾರೆ ಮಾಡಿದ ಸಿಹಿ ವೈನು. ಹಣೆಪಟ್ಟಿಯನ್ನು ಹುಳು ತಿಂದು ವರ್ಷವೇ ಇರಲಿಲ್ಲ. ಅದರ ಹಿಂದಿನ ಮಳೆಗಾಲ, ಅವರ ವರ್ಗಾವಣೆ, ಮಗಳ ಶಾಲೆ ಎಂದು ನಾನು ಸುತ್ತಮುತ್ತಲಿನ ಆಧಾರಗಳನ್ನು ಕೇಳಿ ಎರಡು ವರ್ಷಗಳಲ್ಲಿ ಒಂದು ಎಂಬಲ್ಲಿಗೆ ಇಳಿಸಿದ್ದೆ. ಅವರಿಗೆ ಅದು ಬೇಕಿರಲಿಲ್ಲ. “ನನ್ನ ಹೆಂಡ್ತಿ ತೋಟಕ್ಕೆ ಬಂದಿದ್ದ ವರ್ಷ. ಅಷ್ಟು ಸಾಕು ಮೇಡಂ.” ಮೂಗು ಮರಳಿದ ದಿನ ಅದನ್ನು ತೆರೆಯಬೇಕೆಂದು ಅವರಿಗೆ ಆಸೆ. ಮರಳಲಿಲ್ಲ. ಉಸಿರಿನ ತೊಂದರೆ ಹೆಚ್ಚಾಗಿ, ಮಗಳು ಕೆಂಗೇರಿಯ ತನ್ನ ಮನೆಗೆ ಕರೆದೊಯ್ಯುವುದು ನಿಶ್ಚಯವಾದ ವಾರ, ಒಂದು ಮಧ್ಯಾಹ್ನ, ಅವರೇ ಫೋನ್ ಮಾಡಿ ಬರಹೇಳಿದರು. ಪಾತ್ರೆಗಳನ್ನೆಲ್ಲ ಕಟ್ಟಿಯಾಗಿತ್ತು. ಕಿಟಕಿಯ ಬಳಿ ನನ್ನ ಗ್ಲಾಸು ಮಾತ್ರ ಹೊರಗಿತ್ತು.

ಬಿರಡೆ ಪುಡಿಯಾಗಿ ಬಂತು. ಬಣ್ಣ ಬೆಲ್ಲದ ಪಾಕದಂತಿತ್ತು. ಅವರು ಮೂಗಿಗೆ ಹಿಡಿದು, ಸ್ವಲ್ಪ ಹೊತ್ತು ಹಾಗೇ ಇದ್ದು, ಗ್ಲಾಸನ್ನು ನನಗೆ ಕೊಟ್ಟರು. “ಹೇಳಿ ಮೇಡಂ. ನಿಧಾನಕ್ಕೆ ಹೇಳಿ.”

ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಹೇಳಬೇಕೆಂದು ಗಟ್ಟಿಮಾಡಿಕೊಂಡು ಮೂಸಿದೆ. ಕೆಟ್ಟಿರಲಿಲ್ಲ. ಒಣದ್ರಾಕ್ಷಿ ಎಂದೆ. ತುಟಿಗಿಟ್ಟು ಒಂದು ಗುಟುಕು ಕುಡಿದು, ಪಾಕ ತಳ ಹಿಡಿಯುವ ಮುನ್ನಿನ ವಾಸನೆ ಎಂದೆ. ಹಳೆಯ ಮರದ ಪೆಟ್ಟಿಗೆ... ಏಲಕ್ಕಿ ಅಲ್ಲ, ಏಲಕ್ಕಿಯ ಸಿಪ್ಪೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲಕ್ಕೂ ಕೆಳಗೆ ಇನ್ನೊಂದು ಇತ್ತು, ಹೆಸರು ಸಿಗಲಿಲ್ಲ. ಎರಡನೆಯ ಸಲ ಮೂಸಿದೆ. ಒದ್ದೆ ಗೋಣಿಚೀಲ ಎಂದೆ.

ಅವರು ಕಣ್ಣು ತೆರೆದರು. “ಗೋಣಿಚೀಲ ಅಂದ್ರಾ?”

ಆ ವರ್ಷದ ಸುಗ್ಗಿಯ ದಿನ ಬಿಸಿಲು ತಡೆಯಲಾರದೆ ಅವರ ಹೆಂಡತಿ ಗೋಣಿಚೀಲಕ್ಕೆ ನೀರು ಚಿಮುಕಿಸಿ, ಅದರ ಮೇಲೆ ಕುಳಿತು ಇಡೀ ದಿನ ದ್ರಾಕ್ಷಿ ಆರಿಸಿದ್ದರಂತೆ. ಈ ವಿಷಯವನ್ನು ಅವರು ನನಗೆ ಹಿಂದೆಂದೂ ಹೇಳಿರಲಿಲ್ಲ. ಇಷ್ಟು ಹೇಳಿ ಅವರು ಕೈ ಚಾಚಿ ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡರು. ಎಂಜಲು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನಾನು ಕುಡಿದ ಕಡೆಯಲ್ಲೇ ತುಟಿಯಿಟ್ಟು ಕುಡಿದರು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದರು, ಉಗುಳಲಿಲ್ಲ.

“ಬಂತು ಮೇಡಂ,” ಎಂದರು.

ಕೆಂಗೇರಿಗೆ ಹೋದ ಮೇಲೆ ಅವರು ಬದುಕಿದ್ದುದು ಒಂದು ವರ್ಷಕ್ಕೂ ಕಡಿಮೆ. ಮೆಟ್ರೊದಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಮಗಳು ಕಾಫಿ ಕೊಡುತ್ತಿದ್ದರು, ಲಗ್ಗೆರೆಯವರ ಸುದ್ದಿ ಹೇಳಿ ನಗುತ್ತಿದ್ದೆವು. ಅಂದು ನಿಜವಾಗಿ ಬಂದಿತೇ, ಮೂಗಿಗೆ ಬಂದಿತೇ, ನನ್ನ ಮಾತು ಕೇಳಿ ಮನಸ್ಸಿಗೆ ಬಂದಿತೇ, ಅಥವಾ ನನ್ನ ಸಮಾಧಾನಕ್ಕೆ ಹಾಗೆಂದರೇ ಎಂಬ ಪ್ರಶ್ನೆ ಪ್ರತಿ ಸಲವೂ ನಾಲಿಗೆಯ ತುದಿಯಲ್ಲಿರುತ್ತಿತ್ತು. ಇಲ್ಲ ಎಂದುಬಿಟ್ಟರೆ ಎಂಬ ಭಯಕ್ಕೆ ಮುಂದಿನ ಸಲ ಕೇಳೋಣವೆಂದು ಎದ್ದು ಬರುತ್ತಿದ್ದೆ. ಮುಂದಿನ ಸಲ ಎಂಬುದು ಒಂದು ದಿನ ಇರಲಿಲ್ಲ.

ಒಂದೇ ಆಧಾರದ ಮೇಲೆ ನಿಂತ ಸಂಗತಿಯನ್ನು ನಾನು ಎಂದೂ ಒಪ್ಪಿದವಳಲ್ಲ. ಕಲ್ಲಿನ ಮೇಲೆ ಸವೆದುಹೋದ ಅಕ್ಷರವನ್ನು ಊಹಿಸಿ ತುಂಬಿದರೆ ಅದನ್ನು ಚೌಕ ಆವರಣದೊಳಗಿಡುವುದು ನಮ್ಮ ಪದ್ಧತಿ. ಓದುವವರಿಗೆ ಇದು ಕಂಡದ್ದಲ್ಲ, ಬಯಸಿದ್ದು ಎಂದು ತಿಳಿಯಲಿ ಎಂದು. ಈ ಲೇಖನ ಬರೆಯುವಾಗ ಅವರ ‘ಬಂತು’ ಎಂಬ ಮಾತಿಗೂ ಆವರಣ ಹಾಕಿದೆ. ಓದಿ ನೋಡಿದೆ, ಆವರಣವನ್ನು ಅಳಿಸಿದೆ.