ಆರುನೂರ ಮೂವತ್ತೆಂಟು ಸಾಮಾನುಗಳ ವಾರಸುದಾರ

ನಮ್ಮ ಭಾವ ಜೀವಮಾನದಲ್ಲಿ ಒಂದು ಗುಂಡುಸೂಜಿಯನ್ನೂ ಕಳೆದುಕೊಂಡವರಲ್ಲ. ಅಂಥವರನ್ನು ಹಿಡಿದು ಬಸ್ ಡಿಪೋದವರು ಇಪ್ಪತ್ತೊಂಬತ್ತು ವರ್ಷ ಮರೆತ ಸಾಮಾನುಗಳ ವಿಭಾಗದಲ್ಲಿ ಕೂರಿಸಿದ್ದರು. ಜನ ಬಸ್ಸಿನಲ್ಲಿ ಬಿಟ್ಟು ಇಳಿದ ಕೊಡೆ, ಚೀಲ, ಕನ್ನಡಕ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ಎಲ್ಲವೂ ಅವರ ಮೇಜಿಗೇ ಬಂದು ಬೀಳಬೇಕು. ಕೋಣೆ ಇರುವುದು ನೆಲಮಾಳಿಗೆಯಲ್ಲಿ. ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು. ಕಿಟಕಿ ಎಂಬುದೇ ಇಲ್ಲ. ಹಗಲು ಹೊತ್ತಿನಲ್ಲೂ ಟ್ಯೂಬ್‌ಲೈಟು ಉರಿಯುತ್ತಿತ್ತು, ಅದೂ ಗಳಿಗೆಗೊಮ್ಮೆ ಕಣ್ಣು ಮಿಟುಕಿಸುವಂಥದ್ದು. ಅಕ್ಕ ಮಧ್ಯಾಹ್ನ ಫೋನು ಮಾಡಿ, "ಅಲ್ಲಿ ಮಳೆ ಬಂತಾ?" ಎಂದು ಕೇಳಿದರೆ, ಆಗಷ್ಟೇ ಬಂದ ಕೊಡೆಗಳನ್ನು ಮುಟ್ಟಿ ನೋಡಿ ಭಾವ ಉತ್ತರ ಹೇಳುತ್ತಿದ್ದರು.

ಅವರಿಗೆ ಇದ್ದದ್ದು ಒಂದೇ ಒಂದು ಆಸೆ. ಡಿಪೋದ ಮುಂಭಾಗದಲ್ಲಿ ವಿಚಾರಣೆ ಕೌಂಟರ್ ಇದೆ. ದೊಡ್ಡ ಗಾಜಿನ ಕಿಟಕಿ, ಒಳಗೆ ತಿರುಗುವ ಕುರ್ಚಿ, ಕುರ್ಚಿಯ ಮೇಲೆ ಬಿಸಿಲು. "ನಿವೃತ್ತಿ ಆಗೋಕೆ ಮುಂಚೆ ಆ ಕುರ್ಚೀಲಿ ಕೂತು ಬಿಸಿಲು ಕಾಯಿಸ್ಕೋಬೇಕು ಕಣಯ್ಯಾ," ಎಂದು ಭಾವ ನನಗೆ ಹೇಳುತ್ತಲೇ ಇದ್ದರು. ಹನ್ನೊಂದು ಸಲ ಅರ್ಜಿ ಹಾಕಿದ್ದರು. ಹನ್ನೊಂದು ಸಲವೂ ಬೇರೆ ಯಾರೋ ಹೋಗಿ ಕೂತಿದ್ದರು.

ಕೆಲಸದಲ್ಲಿ ಮಾತ್ರ ಭಾವನನ್ನು ಮೀರಿಸುವವರಿರಲಿಲ್ಲ. ಸಾಮಾನು ಕೇಳಿಕೊಂಡು ಯಾರಾದರೂ ಬಂದರೆ ಅವರು ಬಣ್ಣ ಕೇಳುವುದಿಲ್ಲ, ಅಳತೆ ಕೇಳುವುದಿಲ್ಲ. "ಎಲ್ಲಿ ಕೆಟ್ಟಿದೆ?" ಎಂದು ಕೇಳುತ್ತಾರೆ. ಕಪ್ಪು ಕೊಡೆ ನನ್ನದು ಎಂದು ಊರೆಲ್ಲ ಹೇಳಬಹುದು. ಅದರ ಮೂರನೇ ಕಡ್ಡಿ ಸೊಟ್ಟಗಾಗಿದೆ ಎಂದು ಹೇಳಲು ಅದನ್ನು ಹಿಡಿದು ನೆಂದವನಿಗೇ ಸಾಧ್ಯ. ಒಂದೊಂದು ಸಾಮಾನಿನ ಊನವೂ ಭಾವನಿಗೆ ಬಾಯಿಪಾಠ.

ಹೀಗಿರುವಾಗ, ಎಲ್ಲ ವಿಭಾಗಗಳೂ ಕಂಪ್ಯೂಟರಿಗೆ ಬರಬೇಕು ಎಂದು ಮೇಲಿನಿಂದ ಹುಕುಂ ಬಂತು. ಅಕ್ಕ ನನ್ನ ಕಡೆ ಬೆರಳು ತೋರಿಸಿದಳು. ನಾನು ಮೂಲತಃ ರೇಡಿಯೋ ರಿಪೇರಿಯವನು. ರೇಡಿಯೋ ತರುವವರೇ ಇಲ್ಲವಾದ ಮೇಲೆ, ನಲವತ್ತೆಂಟನೇ ವಯಸ್ಸಿನಲ್ಲಿ, ಹಳೇ ಪೇಪರಿನ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಪುಸ್ತಕಗಳನ್ನು ಓದಿ ಸಾಫ್ಟ್‌ವೇರ್ ಬರೆಯಲು ಕಲಿತೆ. ಮೇಷ್ಟ್ರಿಲ್ಲ, ಸರ್ಟಿಫಿಕೇಟಿಲ್ಲ. ಕೆಟ್ಟದ್ದನ್ನು ಬಿಚ್ಚಿ ನೋಡುವ ಧೈರ್ಯವಿದ್ದರೆ ಉಳಿದದ್ದು ತಾನಾಗಿ ಬರುತ್ತದೆ. ಕಾಲೇಜು ಮುಗಿಸಿದ ಎಷ್ಟು ಜನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ತಲೆ ಕೆರೆದುಕೊಂಡು ಹೋಗಿದ್ದಾರೆ ಎಂಬುದು ಆ ಸ್ಟೂಲಿಗೇ ಗೊತ್ತು.

ನಾನು ಬಳಸುವುದು ವ್ಯಾಪಾರ ವಹಿವಾಟಿಗೆಂದೇ ಮಾಡಿದ ಒಂದು ಫ್ರೇಮ್‌ವರ್ಕ್. ಓದುವವರಿಗೆ ಇದು ಗೊತ್ತಿರಲಾರದು, ಹೇಳಿಬಿಡುತ್ತೇನೆ. ಮನೆ ಕಟ್ಟುವಾಗ ಬಾಗಿಲು, ಕಿಟಕಿ, ನಲ್ಲಿ, ವೈರಿಂಗ್ ಎಲ್ಲ ಮೊದಲೇ ಕೂಡಿಸಿದ ಚೌಕಟ್ಟನ್ನು ಯಾರೋ ತಂದು ನಿಲ್ಲಿಸಿಕೊಟ್ಟರೆ ಹೇಗೆ? ನೀವು ಗೋಡೆ ಎಬ್ಬಿಸಿ ಬಣ್ಣ ಬಳಿದರೆ ಆಯಿತು. ಅರ್ಜಿ ನಮೂನೆ, ಹುಡುಕುವ ಸೌಲಭ್ಯ, ಯಾರು ಯಾವಾಗ ಏನು ಬದಲಿಸಿದರು ಎಂಬ ಚರಿತ್ರೆ, ಯಾರಿಗೆ ಏನು ಅಪ್ಪಣೆ ಎಂಬ ಕಟ್ಟುಪಾಡು, ತಾನಾಗಿ ಹೋಗುವ ನೋಟೀಸು, ಎಲ್ಲವೂ ಅದರೊಳಗೇ ಇವೆ. ಕೈಯಲ್ಲಿ ಬರೆದರೆ ವರ್ಷ ಹಿಡಿಯುವ ಕೆಲಸ ನಾಲ್ಕು ದಿನಕ್ಕೆ ಮುಗಿಯಿತು. ಐದನೇ ದಿನ ಕಾಲರು ಎತ್ತಿಕೊಂಡು ನೆಲಮಾಳಿಗೆಗೆ ಇಳಿದೆ.

ಭಾವ ಮೊದಲ ಕೊಡೆಯನ್ನು ಬರೆಯಲು ಕೂತರು. ಎಲ್ಲ ತುಂಬಿ ಗುಂಡಿ ಒತ್ತಿದರೆ, 'ವಾರಸುದಾರ' ಎಂಬ ಖಾನೆ ಕೆಂಪಗಾಯಿತು.

"ಇದೇನಯ್ಯಾ, ಸಿಟ್ಟು ಮಾಡ್ಕೊಂಡಿದೆ?"

"ಯಾರ ಸಾಮಾನು ಅಂತ ಕೇಳ್ತಿದೆ, ಭಾವ."

"ಅದು ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿತ್ತು? ಗೊತ್ತಿಲ್ಲ ಅಂತ ಹೇಳು ಅದಕ್ಕೆ."

ಹೇಳಿದರೆ ಅದು ಕೇಳಬೇಕಲ್ಲ! ಅಂಗಡಿ, ಗೋದಾಮುಗಳಿಗೆಂದು ಹುಟ್ಟಿದ ಫ್ರೇಮ್‌ವರ್ಕ್ ಅದು. ಒಡೆಯನಿಲ್ಲದ ವಸ್ತು ಈ ಲೋಕದಲ್ಲಿ ಇರಬಹುದು ಎಂಬ ಕಲ್ಪನೆಯೇ ಅದಕ್ಕಿಲ್ಲ. ಒಡೆಯ ಎಂದರೆ ಮನುಷ್ಯನೇ ಆಗಬೇಕು, ಅವನಿಗೆ ಹುಟ್ಟಿದ ತಾರೀಖು ಇರಬೇಕು. ಅದರ ಹೊಟ್ಟೆ ಬಗೆದು ಆ ಬೀಗ ತೆಗೆಯಬಹುದು. ಆದರೆ ಹಾಗೆ ಬಗೆದರೆ, ಮಾಡಿದವರು ಹೊಸ ಆವೃತ್ತಿ ಕಳಿಸಿದ ದಿನ ನಾವು ಹಾಕಿದ ಹೊಲಿಗೆ ಎಲ್ಲಿ ಬಿಚ್ಚಿಕೊಳ್ಳುತ್ತದೋ ಹೇಳಲಾಗುವುದಿಲ್ಲ. ಒಮ್ಮೆ ಒಂದು ಶೂ ಅಂಗಡಿಗೆ ಹಾಗೆ ಮಾಡಿಕೊಟ್ಟಿದ್ದೆ; ಹೊಸ ಆವೃತ್ತಿ ಬಂದ ಬೆಳಿಗ್ಗೆ, ಕಂಪ್ಯೂಟರಿನ ಲೆಕ್ಕದಲ್ಲಿ, ಅಂಗಡಿಯಲ್ಲಿದ್ದ ಶೂಗಳೆಲ್ಲ ಎಡಗಾಲಿನವಾಗಿದ್ದವು. ಆ ಅಂಗಡಿಯವನು ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ.

"ಸದ್ಯಕ್ಕೆ ನಿಮ್ಮ ಹೆಸರೇ ಹಾಕ್ಬಿಡಿ, ಭಾವ," ಎಂದೆ. "ನಿಜವಾದವ್ರು ಬಂದಾಗ ಅವರ ಹೆಸರಿಗೆ ಬದಲಾಯಿಸಿ ಕೊಟ್ರಾಯ್ತು."

ಆ 'ಸದ್ಯಕ್ಕೆ' ಮೂರು ವರ್ಷ ನಡೆಯಿತು.

ಸುಳ್ಳೇಕೆ ಹೇಳಲಿ, ಫ್ರೇಮ್‌ವರ್ಕ್ ಚೆನ್ನಾಗಿಯೇ ದುಡಿಯಿತು. ಕಿವಿಗೆ ಹಾಕುವ ಯಂತ್ರ ಕಳೆದುಕೊಂಡ ಒಬ್ಬ ಮುದುಕ ಬಂದು ಗೋಳಾಡಿದರೆ, ಭಾವ ಎರಡಕ್ಷರ ಒತ್ತಿ, ಏಳನೇ ಕಪಾಟು, ಮೂರನೇ ಡಬ್ಬಿ ಎಂದು ಎದ್ದು ಹೋಗಿ ತಂದು ಕೊಟ್ಟರು. ಮುದುಕ ಅದನ್ನು ಕಿವಿಗಿಟ್ಟುಕೊಂಡ ಮೇಲೆಯೇ ಭಾವ ಅಷ್ಟು ಹೊತ್ತು ಹೇಳಿದ್ದು ಅವನಿಗೆ ಕೇಳಿಸಿಯೇ ಇರಲಿಲ್ಲವೆಂದು ತಿಳಿದದ್ದು. ಅಂದಿನಿಂದ ಭಾವ ಕಂಪ್ಯೂಟರಿನ ಮೇಲೆ ಧೂಳು ಕೂರಲು ಬಿಡಲಿಲ್ಲ. "ಎಲ್ಲಿ ಕೆಟ್ಟಿದೆ?" ಎಂಬ ಅವರ ಪ್ರಶ್ನೆಯನ್ನೂ ನಾನು ಅದರೊಳಗೆ ಸೇರಿಸಿ ಕಡ್ಡಾಯ ಮಾಡಿದ್ದೆ. ಮುರಿದಿದೆ, ಹರಿದಿದೆ, ಕಲೆಯಾಗಿದೆ, ತುಕ್ಕು ಹಿಡಿದಿದೆ, ಗೀರು ಬಿದ್ದಿದೆ, ಹೀಗೆ ಒಂದು ಪಟ್ಟಿ. ಉತ್ತರ ಆರಿಸದೆ ಸಾಮಾನು ಆಚೆ ಹೋಗುವಂತಿಲ್ಲ. ತನ್ನ ವಿದ್ಯೆ ಯಂತ್ರದೊಳಗೆ ಹೋಗಿ ಕೂತದ್ದು ಭಾವನಿಗೆ ಮಹಾ ಹೆಮ್ಮೆ.

ಹನ್ನೆರಡನೇ ಅರ್ಜಿಗೆ ಅಂತೂ ಫಲ ಸಿಕ್ಕಿತು. ಒಂದು ಸೋಮವಾರ ಆದೇಶ ಬಂತು: ಶುಕ್ರವಾರ ಸಂಜೆ ಐದರೊಳಗೆ ಬೇಬಾಕಿ ಪತ್ರದೊಂದಿಗೆ ವಿಚಾರಣೆ ಕೌಂಟರಿಗೆ ಹಾಜರಾಗತಕ್ಕದ್ದು; ತಪ್ಪಿದರೆ ಆ ಹುದ್ದೆ ಸರದಿಯಲ್ಲಿ ಮುಂದಿರುವ ಟೈರು ವಿಭಾಗದ ಗುಮಾಸ್ತನಿಗೆ. ಟೈರು ಗುಮಾಸ್ತ ಅಂದೇ ಹೋಗಿ ಆ ಕುರ್ಚಿಯನ್ನು ಎರಡು ಸುತ್ತು ತಿರುಗಿಸಿ ನೋಡಿ ಬಂದನಂತೆ.

ಬೇಬಾಕಿ ಪತ್ರ ಎಂದರೆ, ಈತ ಬಿಟ್ಟು ಹೋಗುವ ವಿಭಾಗದಲ್ಲಿ ಈತನದೇನೂ ಬಾಕಿ ಉಳಿದಿಲ್ಲ ಎಂಬ ಕಾಗದ. ಅದನ್ನು ಕೊಡಬೇಕಾದದ್ದು ನನ್ನ ಫ್ರೇಮ್‌ವರ್ಕೇ. ಡಿಪೋ ಮ್ಯಾನೇಜರು ಗುಂಡಿ ಒತ್ತಿದರು. ಪರದೆಯ ಮೇಲೆ ಬಂತು: 'ಈ ವ್ಯಕ್ತಿ ಮರೆತು ಹೋಗಿರುವ ಸಾಮಾನು: 638. ಕಳಿಸಿದ ನೋಟೀಸು: 638. ಉತ್ತರ: ಇಲ್ಲ.'

ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನ್ರೀ, ಬಸ್ಸಲ್ಲಿ ನಾಲ್ಕು ಹಲ್ಲಿನ ಸೆಟ್ಟು ಬಿಟ್ಟಿದ್ದೀರಾ?"

"ನನ್ನ ಹಲ್ಲು ಬಾಯಲ್ಲೇ ಇದೆ, ಸಾರ್."

"ಇಲ್ಲಿ ಹಾಗೆ ಹೇಳ್ತಿಲ್ಲ."

ಭಾವ ಸೀದಾ ನನ್ನ ಅಂಗಡಿಗೆ ಬಂದರು. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು, "ಭಾಮೈದ, ಅಳಿಸ್ಬಿಡಯ್ಯಾ ಅದನ್ನ," ಎಂದರು.

ಅಳಿಸುವುದೇ? ಏನನ್ನೂ ಅಳಿಸಗೊಡದಿರುವುದು ಆ ಫ್ರೇಮ್‌ವರ್ಕಿನ ದೊಡ್ಡ ಗುಣ. ಕಳ್ಳತನವಾಗಬಾರದೆಂದು ಹಾಗೆ ಮಾಡಿದ್ದಾರೆ. ಹೊಟ್ಟೆ ಬಗೆಯಲು ನನಗೆ ಹದಿನೈದು ದಿನ ಬೇಕು, ನಮಗಿರುವುದು ನಾಲ್ಕು. ಬೇರೆಯವರ ಹೆಸರಿಗೆ ದಾಟಿಸೋಣವೆಂದರೆ ಅವರು ಒಪ್ಪಿಗೆ ಒತ್ತಬೇಕು. ಅಕ್ಕನನ್ನು ಕೇಳಿದೆವು.

"ಮದುವೆಯಾಗಿ ಮೂವತ್ತು ವರ್ಷಕ್ಕೆ ಈ ಮನುಷ್ಯ ನನ್ನ ಹೆಸರಿಗೆ ಏನೂ ಮಾಡ್ಲಿಲ್ಲ," ಎಂದಳು ಅಕ್ಕ. "ಈಗ ಮಾಡೋಕೆ ಹೊರಟಿರೋದು ಯಾರೋ ಬಿಟ್ಟೋದ ಹಲ್ಲು, ಒಂಟಿ ಚಪ್ಪಲಿ! ನಾನೊಲ್ಲೆ."

ಉಳಿದದ್ದು ಒಂದೇ ದಾರಿ. ಫ್ರೇಮ್‌ವರ್ಕ್ ಹೇಳಿದ ಹಾಗೆ, ಭಾವ ವಾರಸುದಾರನಾಗಿ ಬಂದು, ಪ್ರಶ್ನೆಗೆ ಉತ್ತರ ಕೊಟ್ಟು, ಆರುನೂರ ಮೂವತ್ತೆಂಟನ್ನೂ ಬಿಡಿಸಿಕೊಳ್ಳಬೇಕು. ಕೊಡುವವರು, ತೆಗೆದುಕೊಳ್ಳುವವರು ಒಬ್ಬರೇ ಆಗುವಂತಿಲ್ಲ. ಭಾವನ ಜಾಗಕ್ಕೆ ಟಿಕೆಟ್ ವಿಭಾಗದಿಂದ ಒಬ್ಬ ಹೆಂಗಸು ಬಂದಿದ್ದರು. ತಮ್ಮ ತಿಂಡಿ ಡಬ್ಬಿಗೂ ಮುದ್ರೆ ಹೊಡೆಯುವವರೆಂದು ಡಿಪೋದಲ್ಲಿ ಅವರಿಗೆ ಠಸ್ಸೆ ಮೇಡಂ ಎಂದೇ ಹೆಸರು. ಬುಧವಾರ ಬೆಳಿಗ್ಗೆ ಅವರು ಭಾವನ ಕುರ್ಚಿಯಲ್ಲಿ ಕೂತರು. ಭಾವ ಮೊದಲ ಸಲ ಮೇಜಿನ ಆಚೆ ಬದಿಯಲ್ಲಿ ನಿಂತರು.

"ಸಾಮಾನು?"

"ಕಪ್ಪು ಕೊಡೆ."

"ಎಲ್ಲಿ ಕೆಟ್ಟಿದೆ?"

"ಹಿಡಿ ಮುರಿದಿದೆ. ಅದರ ಮೇಲೆ ಯಾರೋ ಹಲ್ಲಲ್ಲಿ ಕಚ್ಚಿದ ಗುರುತಿದೆ."

"ಯಾರೋ ಅಂದ್ರೆ? ಕೊಡೆ ನಿಮ್ದು ತಾನೆ?"

"ನಾನೇ ಕಚ್ಚಿದ್ದು ಅಂತ ಬರ್ಕೊಳ್ಳಿ, ಮೇಡಂ. ಹಸಿವಾಗಿತ್ತು."

ಹೀಗೆ ಬುಧವಾರ ಇನ್ನೂರು, ಗುರುವಾರ ಇನ್ನೂರಿಪ್ಪತ್ತು. ಭಾವ ಕಪಾಟಿನ ಕಡೆ ತಿರುಗಿ ನೋಡದೆ ಒಂದೊಂದರ ಊನವನ್ನೂ ಹೇಳುತ್ತಾ ಹೋದರು. ಊರುಗೋಲಿನ ಸರದಿ ಬಂದಾಗ ಠಸ್ಸೆ ಮೇಡಂ ತಲೆಯೆತ್ತಿ, "ಇದನ್ನ ಬಿಟ್ಟು ನೀವು ಬಸ್ಸಿಂದ ಇಳಿದು ನಡ್ಕೊಂಡು ಹೋದ್ರಾ?" ಎಂದರು. "ನಮ್ಮ ಡ್ರೈವರು ಕುಲುಕಿದ ಕುಲುಕಿಗೆ ಕಾಲು ನೆಟ್ಟಗಾಗಿತ್ತು," ಎಂದರು ಭಾವ. ಡ್ರೈವರುಗಳು ಕೆಲಸ ಬಿಟ್ಟು ಮೆಟ್ಟಿಲ ಮೇಲೆ ಸಾಲಾಗಿ ಕೂತು ನೋಡತೊಡಗಿದರು. ಹೆಂಗಸರ ಟೋಪನ್ನಿನ ಸರದಿಗೆ ಬಿದ್ದ ನಗೆ ಮೇಲಿನ ಮಹಡಿಗೂ ಕೇಳಿಸಿತಂತೆ.

ಶುಕ್ರವಾರ ನಾಲ್ಕೂ ಮುಕ್ಕಾಲಿಗೆ ಒಂದು ಸಾಮಾನು ಉಳಿಯಿತು. ಸ್ಟೀಲಿನ ಫ್ಲಾಸ್ಕು. ಹೊಚ್ಚ ಹೊಸದು, ಪೆಟ್ಟಿಗೆಯಿಂದ ಇನ್ನೂ ಆಚೆ ಬಂದಿರದಂಥದ್ದು.

"ಎಲ್ಲಿ ಕೆಟ್ಟಿದೆ?"

"ಎಲ್ಲೂ ಕೆಟ್ಟಿಲ್ಲ, ಮೇಡಂ."

"ಪಟ್ಟೀಲಿ ಹಾಗಂತ ಇಲ್ವಲ್ಲ."

ಇರಲಿಲ್ಲ. ಇದು ಫ್ರೇಮ್‌ವರ್ಕಿನ ತಪ್ಪಲ್ಲ, ನನ್ನದೇ. ಹೊಸ ಸಾಮಾನನ್ನೂ ಜನ ಮರೆಯುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಪಟ್ಟಿಗೆ ಒಂದು ಸಾಲು ಸೇರಿಸಲು ಎರಡು ನಿಮಿಷ ಸಾಕು, ಆದರೆ ಅದಕ್ಕೆ ಮ್ಯಾನೇಜರ ಒಪ್ಪಿಗೆ ಬೇಕು. ಅವರು ಮೂರು ಗಂಟೆಗೇ ಹೊರಟಿದ್ದರು.

"ಗೀರು ಬಿದ್ದಿದೆ ಅಂತ ಒತ್ಬಿಡಿ ಮೇಡಂ," ಎಂದೆ ನಾನು.

"ಗೀರೆಲ್ಲಿ? ತೋರ್ಸಿ, ಒತ್ತೀನಿ. ಇಲ್ಲದ್ದನ್ನ ನಾನು ಬರೆಯಲ್ಲ."

"ಹಾಗಾದ್ರೆ ಒಂದು ಗೀರು ಹಾಕಿ, ಭಾವ!"

ಭಾವ ಫ್ಲಾಸ್ಕನ್ನು ಕೈಗೆತ್ತಿಕೊಂಡರು. ಉಗುರು ತಾಗಿಸಿದರು. ತೆಗೆದರು. "ಆಗಲ್ಲ ಕಣಯ್ಯಾ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬರ ಸಾಮಾನನ್ನೂ ನಾನು ಕೆಡಿಸಿಲ್ಲ. ಟೈರಿನವನೇ ಕೂತ್ಕೊಳ್ಳಲಿ ಬಿಡು." ಭಾವನ ಮುಖ ನೋಡಲಾಗದೆ ನಾನು ಕಂಪ್ಯೂಟರಿನ ಮುಖ ನೋಡಿದೆ. ಅಲ್ಲಿ ಆ ಖಾನೆ ಕೆಂಪಗೆ ಉರಿಯುತ್ತಿತ್ತು.

ಊಟದ ಡಬ್ಬಿ ವಾಪಸು ಒಯ್ಯಲು ಬಂದಿದ್ದ ಅಕ್ಕ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು. ಮುಡಿಯಿಂದ ಪಿನ್ನು ಎಳೆದು ಫ್ಲಾಸ್ಕಿನ ತಳಕ್ಕೆ ಒಂದು ಗೀರು ಎಳೆದಳು. ಭಾವ ತಮ್ಮ ಬೆನ್ನಿಗೇ ಎಳೆದಂತೆ "ಅಯ್ಯೋ!" ಎಂದರು.

"ಇಷ್ಟಕ್ಕಾ ಇಷ್ಟೊತ್ತು ನಿಂತಿದ್ರಿ?" ಎಂದು ಅಕ್ಕ ಪಿನ್ನನ್ನು ಮುಡಿಗೆ ಸಿಕ್ಕಿಸಿಕೊಂಡಳು. "ಅದರ ಒಡೆಯ ಬಂದ್ರೆ ನನ್ನ ಹತ್ರ ಕಳ್ಸಿ. ಹೊಸದು ಕೊಡಿಸ್ತೀನಿ."

ಠಸ್ಸೆ ಮೇಡಂ ಗೀರಿನ ಮೇಲೆ ಬೆರಳಾಡಿಸಿ ನೋಡಿ, ಗುಂಡಿ ಒತ್ತಿದರು. ಬೇಬಾಕಿ ಪತ್ರ ಹೊರಬಂತು. ಗಂಟೆ ನಾಲ್ಕು ಐವತ್ತಾರು. ಇಬ್ಬರು ಡ್ರೈವರುಗಳು ಭಾವನ ಎರಡೂ ಕಂಕುಳಿಗೆ ಕೈ ಕೊಟ್ಟು ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿದರು. ಭಾವ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಾಗ ಐದಕ್ಕೆ ಒಂದು ನಿಮಿಷ ಬಾಕಿ. ಟೈರು ಗುಮಾಸ್ತ ಕುರ್ಚಿಯಿಂದ ಏಳುವಾಗ ಅದು ತಾನಾಗಿ ಅರ್ಧ ಸುತ್ತು ತಿರುಗಿತು.

ಇನ್ನು ಸಾಮಾನು. ಕಾಗದದ ಪ್ರಕಾರ ಅವೆಲ್ಲ ಈಗ ಭಾವನವು. ನೆಲಮಾಳಿಗೆಯಲ್ಲಿ ಇಡಲು ಠಸ್ಸೆ ಮೇಡಂ ಬಿಡಲಿಲ್ಲ, ಮನೆಗೆ ತರಲು ಅಕ್ಕ ಬಿಡಲಿಲ್ಲ. ಹಾಗಾಗಿ ಅವು ವಿಚಾರಣೆ ಕೌಂಟರಿನೊಳಗೆ, ಗಾಜಿನುದ್ದಕ್ಕೂ ಬಂದು ಕೂತವು. ಬಸ್ಸಿನ ಹೊತ್ತು ಕೇಳಲು ಬಂದವರು ಮಾತು ನಿಲ್ಲಿಸಿ, "ಅರೆ, ಅದು ನನ್ನ ಚೀಲ ಅಲ್ವಾ?" ಎನ್ನತೊಡಗಿದರು. ಎರಡು ತಿಂಗಳಲ್ಲಿ ಅರ್ಧಕ್ಕರ್ಧ ಖಾಲಿ. ನನ್ನ ಫ್ರೇಮ್‌ವರ್ಕ್ ಮೂರು ವರ್ಷದಲ್ಲಿ ಅಷ್ಟು ಜನರನ್ನು ಹುಡುಕಿಕೊಟ್ಟಿರಲಿಲ್ಲ. ಇದನ್ನೂ ಕಂಪ್ಯೂಟರಿಗೆ ಹತ್ತಿಸಪ್ಪಾ ಎಂದರು ಮ್ಯಾನೇಜರು. ಗಾಜಿನ ಕಿಟಕಿಗೆ ಆ ಫ್ರೇಮ್‌ವರ್ಕಿನಲ್ಲಿ ಖಾನೆ ಇಲ್ಲ ಸಾರ್, ಎಂದೆ.

ಮೊನ್ನೆ ಮಧ್ಯಾಹ್ನ ಆ ಕಡೆ ಹೋಗಿದ್ದೆ. ಗಾಜಿನ ಹಿಂದೆ ಬೆಂಕಿ ಸುರಿದಂತೆ ಬಿಸಿಲು. ಭಾವ ತಿರುಗುವ ಕುರ್ಚಿಯಲ್ಲಿ, ಕೌಂಟರಿನೊಳಗೇ ಒಂದು ಹೂವಿನ ಕೊಡೆ ಬಿಚ್ಚಿ ಹಿಡಿದು ಕೂತಿದ್ದರು. ಮುಖ ಬೆಂದ ಗೆಣಸಿನಂತಾಗಿತ್ತು.

"ಸೆಕೆ ಜಾಸ್ತಿ ಅನ್ಸುತ್ತೆ, ಭಾವ. ಕೆಳಗಿನ ಕೋಣೆ ತಂಪಾಗಿತ್ತು, ಅಲ್ವಾ?"

"ಮುಚ್ಚಯ್ಯ ಬಾಯಿ. ಬಿಸಿಲು ಅಂದ್ರೆ ಹೀಗೇ ಇರ್ಬೇಕು."

ಅಷ್ಟರಲ್ಲಿ ಕಿಟಕಿಗೆ ಬಂದ ಒಬ್ಬ ಹೆಂಗಸು ಬಸ್ಸಿನ ವಿಷಯ ಬಿಟ್ಟು ಆ ಕೊಡೆಯನ್ನೇ ನೋಡುತ್ತಾ ನಿಂತರು. ಭಾವ ಎಲ್ಲಿ ಕೆಟ್ಟಿದೆ ಎಂದೂ ಕೇಳದೆ ಕೊಡೆ ಮಡಚಿ ಕಿಂಡಿಯಲ್ಲಿ ಆಚೆ ದಾಟಿಸಿದರು. ಬೆವರು ಒರೆಸಿಕೊಂಡು, ಕೈ ಹಿಂದಕ್ಕೆ ಚಾಚಿ, ಇನ್ನೊಂದನ್ನು ಬಿಚ್ಚಿದರು.